ಹಳೇ ಕ್ಯಾಮೆರಾದ ಐಪಿ ಬದಲಿಸುವ ಮುಂಚೆ ಇದನ್ನೊಮ್ಮೆ ಓದಿ

ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಕೊನೆಕೊಯ್ಲು ಶುರುವಾದರೆ ಅಂಗಳದ ತುಂಬ ಅಡಿಕೆ. ಕಳ್ಳರ ಕಾಟ ಜಾಸ್ತಿ ಅಂತ ಏಳೆಂಟು ವರ್ಷದ ಹಿಂದೆಯೇ ಮೂರು ಐಪಿ ಕ್ಯಾಮೆರಾ ಹಾಕಿಸಿದ್ದೆವು. ಐಪಿ ಅಂದರೆ ಮನೆಯ ನೆಟ್‌ವರ್ಕಿನಲ್ಲಿ ಒಂದೊಂದಕ್ಕೂ ಇರುವ ನಂಬರಿನ ವಿಳಾಸ. ಅಂಗಳಕ್ಕೊಂದು, ಗೇಟಿಗೊಂದು, ಹಿತ್ತಲಿಗೊಂದು. ಮೂರರ ವೈರೂ ಒಂದು ನೆಟ್‌ವರ್ಕ್ ಸ್ವಿಚ್ಚಿಗೆ ಬರುತ್ತದೆ. ಅದೇ ಸ್ವಿಚ್ಚಿಗೆ ಜೋಡಿಸಿರುವ ಎನ್‌ವಿಆರ್ ಅನ್ನುವ ರೆಕಾರ್ಡಿಂಗ್ ಪೆಟ್ಟಿಗೆಯಲ್ಲಿ ಎಲ್ಲ ರೆಕಾರ್ಡ್ ಆಗುತ್ತದೆ. ಅದರ ಪಾಡಿಗೆ ಅದು ನಡೆದುಕೊಂಡು ಹೋಗುತ್ತಿತ್ತು.

ಈ ಸಲ ಕೊಯ್ಲಿಗೆ ಮುಂಚೆ ಹಳೇ ಇಂಟರ್ನೆಟ್ ತೆಗೆಸಿ ಫೈಬರ್ ಹಾಕಿಸಿದೆವು. ಹೊಸ ರೌಟರ್ ಬಂತು. ಅವತ್ತೇ ಸಂಜೆ ಮೊಬೈಲಿನಲ್ಲಿ ಕ್ಯಾಮೆರಾ ಬರಲಿಲ್ಲ. ಹಳೇ ರೌಟರ್ ಇದ್ದಾಗ ಮನೆಯಲ್ಲಿ ಎಲ್ಲವೂ 192.168.1 ಅನ್ನುವ ಸಾಲಿನಲ್ಲಿದ್ದವು. ಹೊಸದು ಹಂಚುವುದು 192.168.0 ಸಾಲಿನ ವಿಳಾಸ. ಮೊಬೈಲು ಹೊಸ ಸಾಲಿಗೆ ಹೋಯಿತು. ಕ್ಯಾಮೆರಾಗಳಿಗೆ ಖಾಯಂ ವಿಳಾಸ ಕೊಟ್ಟಿದ್ದರಿಂದ ಅವು ಹಳೇ ಸಾಲಿನಲ್ಲೇ ಉಳಿದವು. ಸಾಲು ಬೇರೆಯಾದ್ದರಿಂದ ಒಂದಕ್ಕೊಂದು ಸಿಗದಾದವು.

ಅಂಗಳದ್ದು 192.168.1.20. ಅದನ್ನು 192.168.0.20 ಮಾಡಿದರೆ ಆಯಿತು, ಐದು ನಿಮಿಷದ ಕೆಲಸ ಅಂದುಕೊಂಡೆ. ಉಳಿದೆರಡನ್ನು ನಾಳೆ ನೋಡೋಣ ಅಂತ.

ಲ್ಯಾಪ್‌ಟಾಪಿಗೆ 192.168.1.50 ಅಂತ ಕೈಯಾರೆ ವಿಳಾಸ ಕೊಟ್ಟು ಸ್ವಿಚ್ಚಿಗೆ ವೈರ್ ಚುಚ್ಚಿದೆ. ಕ್ಯಾಮೆರಾದ ಪುಟವೇನೋ ಬಂತು, ಒಳಗೆ ಬಿಡಲಿಲ್ಲ. ಪ್ಲಗಿನ್ ಬೇಕಂತೆ, ಅದೂ ಇಂಟರ್ನೆಟ್ ಎಕ್ಸ್‌ಪ್ಲೋರರಿನದು. ಆ ಬ್ರೌಸರಿಗೆ ಮೈಕ್ರೋಸಾಫ್ಟ್ 2022ರ ಜೂನ್‌ನಲ್ಲೇ ಎಳ್ಳುನೀರು ಬಿಟ್ಟಿದೆ. ಅವರದೇ ಹೊಸ ಬ್ರೌಸರ್ ಎಡ್ಜ್‌ನಲ್ಲಿ, ಹಳೇ ಎಕ್ಸ್‌ಪ್ಲೋರರಿನಂತೆ ನಡೆಯುವ ಐಇ ಮೋಡ್ ಹುಡುಕಿ ಆನ್ ಮಾಡಿ ಒಳಗೆ ಹೋಗುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ತಲೆ ಬಿಸಿಯಾಗಿತ್ತು. ಆ ಬಿಸಿಯಲ್ಲೇ 0 ಇರಬೇಕಾದಲ್ಲಿ 10 ಒತ್ತಿ ಸೇವ್ ಮಾಡಿಬಿಟ್ಟೆ.

ಕ್ಯಾಮೆರಾ ಮಾಯ. ಹಳೇ ಸಾಲಿನಲ್ಲೂ ಇಲ್ಲ, ಹೊಸ ಸಾಲಿನಲ್ಲೂ ಇಲ್ಲ. ತಪ್ಪು ಒತ್ತಿದ್ದೇನೆ ಅಂತ ನನಗೆ ಗೊತ್ತಿದ್ದರೆ ತಾನೇ? ಏಣಿ ಹಾಕಿ ಹತ್ತಿ, ಮುಚ್ಚಳ ಬಿಚ್ಚಿ, ರೀಸೆಟ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿದೆ. ಕೆಳಗೆ ಏಣಿ ಹಿಡಿದಿದ್ದ ಭಾವ, "ಅಡಿಕೆ ಮರ ಹತ್ತಿದ್ರೆ ಒಂದು ಕೊನೆಯಾದ್ರೂ ಸಿಗ್ತಿತ್ತು ಮಾರಾಯ" ಅಂದರು.

ಈ ಏಣಿ ಹತ್ತುವ ಕೆಲಸವೇ ಬೇಕಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಲ್ಯಾಪ್‌ಟಾಪಿನಲ್ಲಿ, ವೈರಿನಲ್ಲಿ ಓಡಾಡುವ ಮಾಹಿತಿಯನ್ನು ತೋರಿಸುವ ವೈರ್‌ಶಾರ್ಕ್ ಅನ್ನುವ ತಂತ್ರಾಂಶ ಓಡಿಸಿಟ್ಟು ಕ್ಯಾಮೆರಾದ ಕರೆಂಟ್ ಒಮ್ಮೆ ತೆಗೆದು ಹಾಕಬೇಕು. ಸಾಮಾನ್ಯವಾಗಿ ಅದು ಏಳುತ್ತಲೇ ಎಆರ್‌ಪಿ ಅನ್ನುವ ಕೂಗು ಹಾಕುತ್ತದೆ. ತನ್ನ ವಿಳಾಸವನ್ನು ತಾನೇ ಹೇಳುತ್ತದೆ.

ರೀಸೆಟ್ ಆದ ಮೇಲೆ ವಿಳಾಸ, ಪಾಸ್‌ವರ್ಡ್, ಗಡಿಯಾರ ಎಲ್ಲ ಕಂಪನಿಯಿಂದ ಬಂದ ದಿನದ ಹಾಗೆ. ಮತ್ತೆ ಎಲ್ಲ ತುಂಬಿದೆ, ಈ ಸಲ ಕಣ್ಣಿಟ್ಟು. ಮೊಬೈಲಿನಲ್ಲಿ ಅಂಗಳ ಕಾಣಿಸಿತು. ನೆಮ್ಮದಿಯಾಗಿ ಮಲಗಿದೆ. ನಾಳೆ ಅಂದಿದ್ದ ಉಳಿದೆರಡನ್ನು ಪುಣ್ಯಕ್ಕೆ ಮುಟ್ಟಲೇ ಇಲ್ಲ.

ಹನ್ನೊಂದು ದಿನ ಆಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದ ಮೂಲೆಯಲ್ಲಿ ಕಟ್ಟಿಟ್ಟಿದ್ದ ಎರಡು ಚೀಲ ಒಣ ಅಡಿಕೆ ಇಲ್ಲ. ಠಾಣೆಯಲ್ಲಿ ಮೊದಲು ಕೇಳಿದ್ದೇ "ಫೂಟೇಜ್ ಇದೆಯಾ?" ಅಂತ. "ಇದೆ ಸಾರ್" ಅಂತ ಧೈರ್ಯವಾಗಿ ಹೇಳಿ ಬಂದೆ. ಎನ್‌ವಿಆರನ್ನು ಟಿವಿಗೆ ಜೋಡಿಸಿದೆ. ಗೇಟು ಸ್ವಚ್ಛವಾಗಿ ಕಾಣುತ್ತಿದೆ, ಹಿತ್ತಲು ಕಾಣುತ್ತಿದೆ. ಅಂಗಳದ ಚೌಕ ಕಪ್ಪು. ನಾನು ವಿಳಾಸ ಬದಲಿಸಿದ ಗಳಿಗೆಯಿಂದ ಒಂದು ನಿಮಿಷವೂ ರೆಕಾರ್ಡ್ ಆಗಿಲ್ಲ. ಆ ಪೆಟ್ಟಿಗೆ ಪಾಪ, ಹನ್ನೊಂದು ದಿನವೂ 192.168.1.20ರ ಬಾಗಿಲನ್ನೇ ತಟ್ಟುತ್ತಿತ್ತು. ಅದರ ಮುಂಭಾಗದ ಹಸಿರು ದೀಪ ಮಾತ್ರ ಎಂದಿನಂತೆ ಮಿಣುಕುತ್ತಿತ್ತು. ಕಳ್ಳ ಗೇಟಿನಿಂದ ಬಂದಿರಲಿಲ್ಲ, ಹಿತ್ತಲಿನಿಂದಲೂ ಇಲ್ಲ.

ಹೊಟ್ಟೆ ಉರಿದದ್ದು ಚೀಲ ಹೋದದ್ದಕ್ಕಿಂತ ಇದಕ್ಕೆ: ರೌಟರ್ ಬದಲಾದಾಗ ರೆಕಾರ್ಡಿಂಗ್ ನಿಂತೇ ಇರಲಿಲ್ಲ. ಕ್ಯಾಮೆರಾ ಮತ್ತು ಎನ್‌ವಿಆರ್ ಒಂದೇ ಸ್ವಿಚ್ಚಿನಲ್ಲಿ, ಒಂದೇ ಸಾಲಿನಲ್ಲಿದ್ದರೆ ಅವು ಮಾತಾಡಿಕೊಳ್ಳಲು ರೌಟರೇ ಬೇಡ. ತಪ್ಪಿಹೋಗಿದ್ದು ಮೊಬೈಲ್ ಒಂದೇ. ಸರಿಯಾಗಿದ್ದದ್ದನ್ನು ಕೈಯಾರೆ ಕೆಡಿಸಿದೆ.

ಮಾಡಬೇಕಾಗಿದ್ದು ಇಷ್ಟೇ. ಹೊಸ ರೌಟರಿನ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಪುಟಕ್ಕೆ ಹೋಗಿ ಅದರ ವಿಳಾಸವನ್ನು 192.168.1.1 ಮಾಡುವುದು. ಡಿಎಚ್‌ಸಿಪಿ, ಅಂದರೆ ರೌಟರ್ ತಾನಾಗಿಯೇ ಮಾಡುವ ವಿಳಾಸ ಹಂಚಿಕೆಯನ್ನು 100ರಿಂದ 200ರವರೆಗೆ ಇಟ್ಟು, ಕೆಳಗಿನ ನಂಬರುಗಳನ್ನು ಕ್ಯಾಮೆರಾಗಳಿಗೆ ಬಿಡುವುದು. ಇಲ್ಲದಿದ್ದರೆ ಯಾರೋ ನೆಂಟರ ಮೊಬೈಲಿಗೆ ಕ್ಯಾಮೆರಾದ ನಂಬರೇ ಸಿಕ್ಕಿ ಎರಡೂ ಕಚ್ಚಾಡುತ್ತವೆ. ಆ ಪುಟಕ್ಕೆ ಇಂಟರ್ನೆಟ್ ಕಂಪನಿಯವರು ಬೀಗ ಹಾಕಿದ್ದರೆ ಫೋನ್ ಮಾಡಿ ಅವರಿಂದಲೇ ಮಾಡಿಸಿ.

ಕ್ಯಾಮೆರಾದ್ದೇ ಬದಲಿಸಬೇಕಾಗಿ ಬಂದರೆ ಸೇವ್ ಒತ್ತುವ ಮುಂಚೆ ಆ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಎನ್‌ವಿಆರ್ ಕೂಡ ಅದೇ ಸಾಲಿಗೆ ಬರಬೇಕು. ಅದರೊಳಗೆ ಕ್ಯಾಮೆರಾದ ಹೊಸ ವಿಳಾಸವನ್ನೂ ಪಾಸ್‌ವರ್ಡನ್ನೂ ಹಾಕಬೇಕು. ರೀಸೆಟ್ ಮಾಡಿದ್ದರೆ ಕಂಪನಿಯ ಪಾಸ್‌ವರ್ಡ್ ಹಾಗೇ ಬಿಡಬೇಡಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಅಂಥ ಕ್ಯಾಮೆರಾಗಳನ್ನೇ ಹುಡುಕಿ ಹಿಡಿದಿತ್ತು. ಇನ್ನು, ಮೊಬೈಲಿನಲ್ಲಿ ಲೈವ್ ಬಂತು ಅಂತ ಎದ್ದು ಹೋಗಬೇಡಿ. ಮಾರನೇ ದಿನ ಎನ್‌ವಿಆರ್‌ನಲ್ಲಿ ಹಿಂದಿನ ರಾತ್ರಿಯದ್ದನ್ನು ಓಡಿಸಿ ನೋಡಿ.

ಈಗ ರೌಟರ್ 192.168.1.1, ಅಂಗಳದ ಕ್ಯಾಮೆರಾ ಮತ್ತೆ 20. ಹಳೇ ಟಿವಿ ಎನ್‌ವಿಆರ್ ಪಕ್ಕದಲ್ಲೇ ಇದೆ. ಚೀಲ ಇನ್ನೂ ಸಿಕ್ಕಿಲ್ಲ.