ಮಾತ್ರೆ ಬಿಡಿ ಎನ್ನುವ ಆನ್‌ಲೈನ್ ಧ್ಯಾನದ ಕ್ಲಾಸಿನಿಂದ ದೂರ ಇರಿ

ಆತಂಕಕ್ಕೋ ಖಿನ್ನತೆಗೋ ಮಾತ್ರೆ ತೆಗೆದುಕೊಳ್ಳುವವರು ನಿಮ್ಮ ಮನೆಯಲ್ಲಿದ್ದಾರಾ? ಅವರು ಇತ್ತೀಚೆಗೆ ಮೊಬೈಲಿನಲ್ಲಿ ಯಾವುದಾದರೂ ಯೋಗ, ಧ್ಯಾನದ ಕ್ಲಾಸಿಗೆ ಸೇರಿದ್ದಾರಾ? ಹಾಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ತಮ್ಮನಿಗೆ ಆದದ್ದನ್ನು ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಕ್ಲಾಸಿನ ಹೆಸರು ಹಾಕುತ್ತಿಲ್ಲ. ನಮ್ಮ ದೂರು ಇನ್ನೂ ನಡೆಯುತ್ತಿದೆ. ಅಲ್ಲದೆ ಇಂಥವು ಒಂದೆರಡಲ್ಲ, ಒಂದರ ಹೆಸರು ಹೇಳಿದರೆ ಉಳಿದವು ಒಳ್ಳೆಯವು ಅಂತ ಆಗಿಬಿಡುತ್ತದೆ.

ನನಗೆ ಯೋಗದ ಮೇಲೆ ಕೋಪ ಇಲ್ಲ. ನಮ್ಮಮ್ಮ ವಿಜಯನಗರದ ಪಾರ್ಕಿನಲ್ಲಿ ಎಷ್ಟೋ ವರ್ಷದಿಂದ ಯೋಗ ಮಾಡುತ್ತಿದ್ದಾರೆ. ಮಂಡಿ ನೋವಿಗೂ ನಿದ್ದೆಗೂ ಅದರಿಂದ ಒಳ್ಳೆಯದೇ ಆಗಿದೆ. ನಮ್ಮ ಬೆಂಗಳೂರಿನ ಹೊಸೂರು ರಸ್ತೆಯ ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್‌ನಲ್ಲೂ ಯೋಗ ಹೇಳಿಕೊಡುತ್ತಾರೆ. ಖಿನ್ನತೆ, ಸ್ಕಿಜೋಫ್ರೀನಿಯಾ ಇರುವವರಿಗೆ ಯೋಗದಿಂದ ಏನು ಉಪಯೋಗ ಅಂತ ಅಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಆದರೆ ಅಲ್ಲಿ ಯೋಗ ಇರುವುದು ಚಿಕಿತ್ಸೆಯ ಜೊತೆಗೆ. ಮಾತ್ರೆ ಕಿತ್ತುಕೊಂಡು ಆ ಜಾಗಕ್ಕೆ ಯೋಗ ತಂದು ಕೂರಿಸುವುದಿಲ್ಲ. ನನ್ನ ತಮ್ಮನಿಗೆ ಮಾಡಿಸಿದ್ದು ಇದರ ಉಲ್ಟಾ.

ತಮ್ಮನ ಆಫೀಸು ವೈಟ್‌ಫೀಲ್ಡ್ ಕಡೆ. ಅವನಿಗೆ ಪ್ಯಾನಿಕ್ ಬರುತ್ತಿತ್ತು. ಒಂದು ಕಾಲದಲ್ಲಿ ಮೆಜೆಸ್ಟಿಕ್‌ನ ರಶ್ ನೆನೆಸಿಕೊಂಡರೇ ಬೆವರುತ್ತಿದ್ದ. ಮನೋವೈದ್ಯರಿಗೆ ತೋರಿಸಿದ ಮೇಲೆ ಎಸಿಟಲೋಪ್ರಾಮ್ ಅನ್ನುವ, ಆತಂಕ ಖಿನ್ನತೆಗೆ ಕೊಡುವ ಮಾತ್ರೆ ಶುರುವಾಯಿತು, ಜೊತೆಗೆ ಕೌನ್ಸೆಲಿಂಗ್. ನಿಧಾನಕ್ಕೆ ಸುಧಾರಿಸಿದ. ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ ಒಬ್ಬನೇ ಆಫೀಸಿಗೆ ಹೋಗಿಬರುವಷ್ಟು ಆಗಿದ್ದ. ಆಗ ಇನ್‌ಸ್ಟಾಗ್ರಾಂನಲ್ಲಿ ಆ ಜಾಹೀರಾತು ಬಂತು. ಆತಂಕಕ್ಕೆ ಬೇರು ಸಮೇತ ಪರಿಹಾರ, ಮನೆಯಲ್ಲೇ ಕೂತು ಮಾಡಿ, ಬರೀ 99 ರೂಪಾಯಿ.

ಸೇರುವಾಗ ಒಂದು ಫಾರಂ ತುಂಬಿಸಿಕೊಂಡರು. ಹೆಸರು, ಫೋನ್ ನಂಬರ್, ಇಮೇಲ್, ದುಡ್ಡು ಕಟ್ಟುವ ವಿವರ, ಅಷ್ಟೇ. ಏನು ಕಾಯಿಲೆ, ಯಾವ ಮಾತ್ರೆ, ಬಿಪಿ ಇದೆಯಾ, ಫಿಟ್ಸ್ ಇದೆಯಾ, ಒಂದನ್ನೂ ಕೇಳಲಿಲ್ಲ. ಮನಸ್ಸಿನ ಆರೋಗ್ಯದ ಕ್ಲಾಸು ಅಂತ ಬೋರ್ಡು ಹಾಕಿಕೊಂಡವರು ಮನಸ್ಸಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನನಗೆ ಇವತ್ತಿಗೂ ತಡೆಯಲಾಗದ ಸಿಟ್ಟು ಬರುವುದು ಇದಕ್ಕೇ.

ಬೆಳಿಗ್ಗೆ ನಾಲ್ಕೂವರೆಗೆ ಝೂಮ್‌ನಲ್ಲಿ ಕ್ಲಾಸು. ರಾತ್ರಿ ಊಟ ಆದಮೇಲೆ ಪ್ರವಚನ, ಅದು ಮುಗಿಯುವಾಗ ಹನ್ನೊಂದು. ಮಧ್ಯೆ ಆಫೀಸು. ನಿದ್ದೆ ಎಲ್ಲಿಂದ ಬರಬೇಕು? ಪರದೆಯ ಮೇಲೆ ನೂರಾರು ಜನ, ಪುಟ್ಟ ಪುಟ್ಟ ಚೌಕಗಳಲ್ಲಿ. ಡೋಲಿನ ಸದ್ದು ಜೋರು ಮಾಡಿ ಭಸ್ತ್ರಿಕಾ, ಕಪಾಲಭಾತಿ ಅನ್ನುವ ರಭಸದ ಉಸಿರಾಟದ ಪ್ರಾಣಾಯಾಮ ಮಾಡಿಸುತ್ತಿದ್ದರು. ಇನ್ನೂ ಜೋರಾಗಿ, ಇನ್ನೂ ಜೋರಾಗಿ ಅಂತ ಕೂಗು ಬೇರೆ. ಯಾರು ಸರಿಯಾಗಿ ಮಾಡುತ್ತಿದ್ದಾರೆ, ಯಾರಿಗೆ ತಲೆ ಸುತ್ತುತ್ತಿದೆ, ಅಷ್ಟು ಜನರನ್ನು ನೋಡುವವರು ಯಾರು? ಪಾರ್ಕಿನಲ್ಲಾದರೆ ಅಮ್ಮನ ಮೇಷ್ಟ್ರು ಹತ್ತಿರ ಬಂದು, "ನೀವು ಇದು ಮಾಡ್ಬೇಡಿ ಅಮ್ಮ, ಸುಮ್ನೆ ಕೂತ್ಕೊಳ್ಳಿ" ಅನ್ನುತ್ತಾರೆ.

ಆಮೇಲೆ ಮಾತ್ರೆಯ ವಿಷಯ ಶುರುವಾಯಿತು. ಮಾತ್ರೆ ಪ್ರಾಣಶಕ್ತಿಯನ್ನು ತಡೆಯುತ್ತದೆ, ಮಾತ್ರೆ ತಿನ್ನುತ್ತಿರುವಷ್ಟು ದಿನ ಧ್ಯಾನ ಒಳಗೆ ಇಳಿಯುವುದಿಲ್ಲ ಅಂತ ಪ್ರವಚನದಲ್ಲಿ ದಿನಾ ಹೇಳಿದರು. ಯಾರನ್ನೂ ಹೆಸರು ಹಿಡಿದು ಬಿಡು ಅನ್ನಲಿಲ್ಲ, ಅಷ್ಟು ಜಾಣರು. ಆದರೆ ವಾಟ್ಸಾಪ್ ಗ್ರೂಪಿನಲ್ಲಿ ಜನ ತಮ್ಮ ಮಾತ್ರೆಯ ಸ್ಟ್ರಿಪ್ಪುಗಳನ್ನು ಕಸದ ಬುಟ್ಟಿಗೆ ಹಾಕಿ ಫೋಟೋ ಕಳಿಸುತ್ತಿದ್ದರು. ಒಂದೊಂದು ಫೋಟೋದ ಕೆಳಗೂ ಕ್ಲಾಸು ನಡೆಸುವ ಗುರೂಜಿಯಿಂದ ಕೈಮುಗಿದ ಚಿತ್ರ, ಉಳಿದವರಿಂದ ಹೂವು, ಹೃದಯ. ಆ ಫೋಟೋಗಳನ್ನು ನಾನು ಆಮೇಲೆ ತಮ್ಮನ ಫೋನಿನಲ್ಲಿ ನೋಡಿದೆ. ಒಂದರಲ್ಲಿ ಲಿಥಿಯಂ ಅಂತ ಓದುವ ಹಾಗೆ ಕಾಣುತ್ತಿತ್ತು. ಅದು ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ವಿಪರೀತ ಉಬ್ಬಿ ಇನ್ನೊಮ್ಮೆ ಖಿನ್ನತೆಗೆ ಇಳಿಯುವ ಕಾಯಿಲೆ ಇರುವವರಿಗೆ ಕೊಡುವ ಮಾತ್ರೆ. ಆ ಮನುಷ್ಯ ಈಗ ಹೇಗಿದ್ದಾರೋ ಅಂತ ನನಗೆ ಆಗಾಗ ಸಂಕಟವಾಗುತ್ತದೆ.

ತಮ್ಮನೂ ನಿಲ್ಲಿಸಿದ. ಕೆಲವೇ ದಿನಕ್ಕೆ ತಲೆ ಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಅನುಭವ, ಕೆಟ್ಟ ಕೆಟ್ಟ ಕನಸು, ಮಾತು ಮಾತಿಗೆ ರೇಗುವುದು. ಗ್ರೂಪಿನಲ್ಲಿ ಕೇಳಿದರೆ ಬಂದ ಉತ್ತರ: "ವಿಷ ಹೊರಗೆ ಬರ್ತಾ ಇದೆ, ಒಳ್ಳೇ ಲಕ್ಷಣ. ಇನ್ನೊಂದು ಸುತ್ತು ಭಸ್ತ್ರಿಕಾ ಜಾಸ್ತಿ ಮಾಡಿ." ಡಾಕ್ಟರ್ ಆಮೇಲೆ ನಮಗೆ ಬಿಡಿಸಿ ಹೇಳಿದರು. ಈ ಜಾತಿಯ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಹೀಗೆಲ್ಲ ಆಗುವುದು ಎಲ್ಲ ವೈದ್ಯರಿಗೂ ಗೊತ್ತಿರುವ ವಿಷಯ. ಅದಕ್ಕೇ ನಿಲ್ಲಿಸುವ ಸಮಯ ಬಂದಾಗಲೂ ಡೋಸ್ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಇದನ್ನು ವಿಷ, ಶುದ್ಧಿ ಅಂತ ಕರೆದವರಿಗೆ ಒಂದೋ ಗೊತ್ತಿಲ್ಲ, ಇಲ್ಲ ಗೊತ್ತಿದ್ದೂ ಹೇಳಿದ್ದಾರೆ.

ಒಂದು ಬೆಳಿಗ್ಗೆ ಅವನ ರೂಮಿನಿಂದ ಧಡ್ ಅಂತ ಸದ್ದು. ಓಡಿಹೋಗಿ ನೋಡಿದರೆ ಮ್ಯಾಟ್ ಮೇಲೆ ಒರಗಿಕೊಂಡಿದ್ದ. ತುಟಿ ಸುತ್ತ ಜುಮ್ಮೆನ್ನುತ್ತಿದೆ, ಎದೆ ಹಿಡಿದಿದೆ ಅಂದ. ಎರಡೂ ಕೈಯ ಬೆರಳುಗಳು ಹಕ್ಕಿಯ ಕೊಕ್ಕಿನ ಹಾಗೆ ಒಟ್ಟಿಗೆ ಸೇರಿ ಸೆಟೆದುಕೊಂಡಿದ್ದವು. "ಅಕ್ಕಾ, ಬಿಡಿಸೋಕೇ ಆಗ್ತಿಲ್ಲ ನೋಡು" ಅಂತ ಅಳುತ್ತಿದ್ದ. ನಾನು ಬಿಡಿಸಲು ಹೋದರೂ ಬರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಡೋಲು ಬಡಿಯುತ್ತಲೇ ಇತ್ತು. ಅವನು ಬಿದ್ದದ್ದನ್ನು ಅಲ್ಲಿ ಯಾರೂ ನೋಡಿಲ್ಲ.

ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಇಸಿಜಿ ಸರಿಯಾಗಿತ್ತು. ರಭಸದಿಂದ ತುಂಬಾ ಹೊತ್ತು ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದಂತೆ. ಆಗ ರಕ್ತದ ಕ್ಯಾಲ್ಸಿಯಂ ಕೂಡ ಏರುಪೇರಾಗಿ ಬೆರಳು ಹೀಗೆ ಸೆಟೆದುಕೊಳ್ಳುತ್ತವೆ, ತಲೆ ಹಗುರಾಗುತ್ತದೆ, ಬಾಯಿ ಸುತ್ತ ಜುಮ್ಮೆನ್ನುತ್ತದೆ. ಮೊದಲೇ ಪ್ಯಾನಿಕ್ ಇರುವವರಿಗೆ ಇದರಿಂದಲೇ ಪ್ಯಾನಿಕ್ ಹತ್ತಿಕೊಳ್ಳಬಹುದು. ಉಸಿರು ನಿಧಾನ ಮಾಡಿಸಿದ ಮೇಲೆ ಬೆರಳು ಬಿಟ್ಟುಕೊಂಡವು. ಬಿಪಿ ಜಾಸ್ತಿ ಇರುವವರು, ಹೃದಯದ ತೊಂದರೆ, ಫಿಟ್ಸ್ ಇರುವವರು, ಗರ್ಭಿಣಿಯರು ಇಂಥ ರಭಸದ ಪ್ರಾಣಾಯಾಮ ಮಾಡಬಾರದು ಅಂತ ಒಳ್ಳೆಯ ಯೋಗ ಶಿಕ್ಷಕರು ಮೊದಲ ದಿನವೇ ಹೇಳುತ್ತಾರೆ. ಬೈಪೋಲಾರ್ ಇರುವವರಿಗೆ ನಿದ್ದೆ ಕೆಡುವುದೇ ಅಪಾಯ, ಅದರಿಂದ ಉನ್ಮಾದ ಶುರುವಾಗಬಹುದು. ಬ್ರಾಹ್ಮೀ ಮುಹೂರ್ತ ಎಷ್ಟೇ ಒಳ್ಳೆಯದಿರಲಿ, ಅವರು ನಿದ್ದೆಗೆಟ್ಟು ಏಳಬಾರದು.

ಬರೀ ಕಣ್ಮುಚ್ಚಿ ಕೂರುವ ಧ್ಯಾನದಿಂದ ಏನು ತೊಂದರೆ ಅಂತ ಕೇಳುವವರಿದ್ದಾರೆ. ಧ್ಯಾನದ ಬಗ್ಗೆ ಆಗಿದ್ದ 83 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ಪರಿಶೀಲನೆ 2020ರಲ್ಲಿ ಬಂದಿದೆ. ಧ್ಯಾನ ಮಾಡಿದವರಲ್ಲಿ ನೂರಕ್ಕೆ ಸುಮಾರು ಎಂಟು ಜನರಿಗೆ ಏನಾದರೊಂದು ಕೆಟ್ಟ ಪರಿಣಾಮ ಆಗಿತ್ತು, ಹೆಚ್ಚಾಗಿ ಆತಂಕ, ಖಿನ್ನತೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ನಿಜ. ಆದರೆ ಆ ಎಂಟು ಜನರಲ್ಲಿ ಒಬ್ಬರು ಕೈ ಎತ್ತಿದರೆ "ನಿಲ್ಲಿಸಿ" ಅನ್ನುವ ಶಿಕ್ಷಕರು ಬೇಕು. "ಇನ್ನೂ ಮಾಡಿ" ಅನ್ನುವವರಲ್ಲ.

ಇನ್ನೊಂದು ಗಾಯ ಇದೆ, ಅದು ಇನ್ನೂ ಮಾಗಿಲ್ಲ. ಭಾರ ಇಳಿಸಿಕೊಳ್ಳುವ ಸೆಷನ್ ಅಂತ ಒಂದು ಮಾಡಿದರು. ತಮ್ಮ ಅಲ್ಲಿ ಅಪ್ಪ ತೀರಿಕೊಂಡ ದಿನದ ಬಗ್ಗೆ ಮಾತಾಡಿ ಅತ್ತಿದ್ದ. ಅದನ್ನು ರೆಕಾರ್ಡ್ ಮಾಡಿ, ಕತ್ತರಿಸಿ, ಹಿಂದೆ ಕೊಳಲು ಸೇರಿಸಿ ಜಾಹೀರಾತು ಮಾಡಿದರು. ಅವನ ಆಫೀಸಿನ ಹುಡುಗಿಯೊಬ್ಬಳು ನೋಡಿ, "ಇದು ನೀನಾ?" ಅಂತ ಕಳಿಸಿದಾಗಲೇ ಅವನಿಗೆ ಗೊತ್ತಾದದ್ದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆ ಕೊಡುವವರು ನಮ್ಮ ವಿಷಯವನ್ನು ಗುಟ್ಟಾಗಿ ಇಡಲೇಬೇಕು. ಕ್ಲಾಸಿನವರು ನಾವು ಚಿಕಿತ್ಸೆ ಕೊಡುವವರೇ ಅಲ್ಲ, ಸೇರುವಾಗಲೇ ನೀವು ಒಪ್ಪಿಗೆ ಕೊಟ್ಟಿದ್ದೀರಿ ಅಂದರು. ಜಗಳ ಮಾಡಿದ ಮೇಲೆ ತೆಗೆದರು. ಅಷ್ಟರಲ್ಲಿ ಎಲ್ಲೆಲ್ಲಿಗೆ ಹೋಗಿತ್ತೋ. ಕ್ಯಾಮೆರಾ ಆನ್ ಇಟ್ಟು ಮನೆಯ ದುಃಖ ಹೇಳಿಕೊಳ್ಳಿ ಅಂದರೆ ದಯವಿಟ್ಟು ಹೇಳಬೇಡಿ. ಅಂಥ ವಿಡಿಯೋ ನಿಮಗೆ ಬಂದರೆ ಮುಂದೆ ಕಳಿಸಬೇಡಿ.

ದುಡ್ಡಿನ ಕತೆ ಎಲ್ಲರಿಗೂ ಗೊತ್ತಿರುವಂಥದ್ದೇ. 99 ರೂಪಾಯಿ ಕಟ್ಟುವಾಗಲೇ ಯುಪಿಐ ಆಟೋಪೇಗೆ, ಅಂದರೆ ಖಾತೆಯಿಂದ ದುಡ್ಡು ತಾನಾಗಿ ಕಡಿತವಾಗುವುದಕ್ಕೆ, ಒಪ್ಪಿಗೆ ತೆಗೆದುಕೊಂಡಿದ್ದರು, ಮುಂದಿನ ತಿಂಗಳಿಂದ ಸಾವಿರಗಟ್ಟಲೆ ಕಡಿತ. ಕಡಿತಕ್ಕೆ 24 ಗಂಟೆ ಮೊದಲು ಮೆಸೇಜ್ ಬರಬೇಕು ಅಂತ ನಿಯಮ ಇದೆ, ಆ ಮೆಸೇಜ್ ಕಣ್ಣಿಗೆ ಬಿದ್ದರೆ ಬಿಡಬೇಡಿ. ಕ್ಲಾಸಿನವರನ್ನು ಬೇಡಿಕೊಳ್ಳುತ್ತಾ ಕೂರಬೇಡಿ, ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅನ್ನುವ ಕಡೆ ಹೋಗಿ ನೀವೇ ರದ್ದು ಮಾಡಿ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ವಂಚನೆ ಅನ್ನಿಸಿದರೆ ಸೈಬರ್ ಸಹಾಯವಾಣಿ 1930. ನಮ್ಮ ದೂರು 1915ರಲ್ಲಿದೆ.

ತಮ್ಮ ಈಗ ಮತ್ತೆ ಅದೇ ಡಾಕ್ಟರ ಹತ್ತಿರ ಹೋಗುತ್ತಿದ್ದಾನೆ. ಅವರು ಬೈಯಲಿಲ್ಲ. "ಬಂದ್ರಲ್ಲ, ಸಾಕು" ಅಂದರು. ಮಾತ್ರೆ ಕಡಿಮೆ ಡೋಸಿನಿಂದ ಮತ್ತೆ ಶುರು ಮಾಡಿದ್ದಾರೆ. ಮೆಟ್ರೋ ಹತ್ತಲು ಇನ್ನೂ ಆಗುತ್ತಿಲ್ಲ.

ಇದನ್ನು ಓದುತ್ತಿರುವ ಯಾರಾದರೂ ಇಂಥ ಕ್ಲಾಸಿನ ಮಾತು ಕೇಳಿ ಮಾತ್ರೆ ನಿಲ್ಲಿಸಿದ್ದರೆ, ನೀವಾಗಿಯೇ ಮೊದಲಿನಷ್ಟೇ ಡೋಸ್ ನುಂಗಲು ಹೋಗಬೇಡಿ. ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಎಂದಿನಿಂದ ನಿಲ್ಲಿಸಿದ್ದೀರಿ, ಏನೇನಾಗುತ್ತಿದೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಅವರು ಸಿಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜೀವ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ಫೋನಿಗೂ ಕಾಯಬೇಡಿ. ಮನೆಯವರನ್ನು ಎಬ್ಬಿಸಿ, ನಿಮ್ಹಾನ್ಸ್‌ನ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಅದು ರಾತ್ರಿಯೂ ತೆರೆದಿರುತ್ತದೆ.