ರೈನ್ ಕ್ರೂಸ್‌ಗೆ ದುಡ್ಡು ಕಟ್ಟುವ ಮುಂಚೆ ಕೌಬ್‌ನ ನೀರಿನ ಮಟ್ಟ ನೋಡಿ

ದ್ರಾಕ್ಷಿ ಕೊಯ್ಲಿನ ಕಾಲಕ್ಕೆ ಜರ್ಮನಿಯ ರೈನ್ ಕಣಿವೆ ನೋಡಲು ಕ್ರೂಸ್ ಬುಕ್ ಮಾಡುವವರು ದಯವಿಟ್ಟು ಇದನ್ನು ಓದಿ. ಲಕ್ಷಗಟ್ಟಲೆ ಕೊಟ್ಟವರು ಲೊರೆಲೈ ಬಂಡೆಯನ್ನು ಬಸ್ಸಿನ ಕಿಟಕಿಯಿಂದ ನೋಡಿ ಬಂದದ್ದುಂಟು.

2018ರ ಅಕ್ಟೋಬರ್, 2022ರ ಆಗಸ್ಟ್ ಎರಡರಲ್ಲೂ ಹೀಗೇ ಆಯಿತು. ನೀರು ಸಾಲದು, ಹಡಗು ಮುಂದೆ ಹೋಗುವುದಿಲ್ಲ ಎಂಬ ಪ್ರಕಟಣೆ. ಸೂಟ್‌ಕೇಸ್ ಕಟ್ಟಿ ಕ್ಯಾಬಿನ್ ಬಾಗಿಲಾಚೆ ಇಡಬೇಕು. ಬಸ್ಸಿನಲ್ಲಿ ಕಣಿವೆ ದಾಟಿಸಿ, ಆ ಕಡೆ ನಿಂತಿರುವ ಅದೇ ಕಂಪನಿಯ ಇನ್ನೊಂದು ಹಡಗಿಗೆ ಹತ್ತಿಸುತ್ತಾರೆ. ಇನ್ನೊಂದು ಹಡಗು ಸಿಗದಿದ್ದರೆ ದಡಕ್ಕೆ ಕಟ್ಟಿದ ಹಡಗೇ ಹೋಟೆಲ್, ತಿರುಗಾಟವೆಲ್ಲ ಬಸ್ಸಲ್ಲಿ.

ಬ್ರೋಷರ್‌ನ ಕೋಟೆ, ದ್ರಾಕ್ಷಿ ತೋಟಗಳ ಚಿತ್ರಗಳೆಲ್ಲ ಹೆಚ್ಚಾಗಿ ಬಿಂಗೆನ್–ಕೊಬ್ಲೆನ್ಸ್ ನಡುವಿನ ಸುಮಾರು 65 ಕಿ.ಮೀ. ಉದ್ದದ ಕಣಿವೆಯವು. ಹಡಗು ಸಿಕ್ಕಿಕೊಳ್ಳುವುದೂ ಅಲ್ಲೇ. ರೀಸ್ಲಿಂಗ್ ಎಂಬ ವೈನ್ ದ್ರಾಕ್ಷಿ ಬೆಳೆಯುವ ಆ ಕಲ್ಲುಗುಡ್ಡ ನದಿಯ ತಳದಲ್ಲೂ ಇದೆ, ಹಾಗಾಗಿ ಕಣಿವೆಯ ಕೌಬ್ ಎಂಬ ಊರಿನ ಆಸುಪಾಸಿನಲ್ಲಿ ಆಳ ಕಡಿಮೆ. ಆಲ್ಪ್ಸ್‌ನ ಹಿಮ ಕರಗಿ ಬರುವ ನೀರು ಬೇಸಿಗೆ ಕಳೆಯುತ್ತಿದ್ದಂತೆ ಇಳಿಯುತ್ತದೆ, ಕೊಯ್ಲು ಶುರುವಾಗುವುದೂ ಆ ಹೊತ್ತಿಗೇ.

ಕೌಬ್‌ನಲ್ಲಿರುವ ನೀರಿನ ಮಟ್ಟದ ಮಾಪಕ ತೋರಿಸುವ ಅಂಕಿ ನದಿಯ ಆಳವಲ್ಲ. ಅಲ್ಲಿ 78 ಸೆಂ.ಮೀ. ಇದ್ದಾಗ ಹಡಗಿನ ದಾರಿಯಲ್ಲಿ ಸುಮಾರು 1.9 ಮೀಟರ್ ನೀರಿರುತ್ತದೆ. 40ಕ್ಕೆ ಇಳಿದರೆ ಉಳಿಯುವುದು ಒಂದೂವರೆ ಮೀಟರ್, ದೊಡ್ಡ ಕ್ರೂಸ್ ಹಡಗಿಗೆ ಅದು ಸಾಲುವುದಿಲ್ಲ. 2018ರಲ್ಲಿ ಅಂಕಿ 25ಕ್ಕೆ ಬಿದ್ದಿತ್ತು. ಪ್ರವಾಹದಲ್ಲಿ 640 ದಾಟಿದರೂ ಸಂಚಾರ ಬಂದ್. ಜರ್ಮನಿಯ ಜಲಮಾರ್ಗ ಇಲಾಖೆಯ 'ಎಲ್ವಿಸ್' ತಾಣದಲ್ಲಿ ಈ ಅಂಕಿ ಪುಕ್ಕಟೆ ಸಿಗುತ್ತದೆ. ಏಜೆಂಟ್ ಇದನ್ನು ಹೇಳಲಿ ಎಂದು ಕಾಯಬೇಡಿ.

ಷರತ್ತುಗಳಲ್ಲಿ 'ನೀರಿನ ಮಟ್ಟದಿಂದ ಮಾರ್ಗ ಬದಲಾದರೆ' ಎಂಬ ಸಾಲನ್ನು ಹುಡುಕಿ ಓದಿ. ಎಷ್ಟು ದಿನ ಬಸ್ಸಾದರೆ ಎಷ್ಟು ವಾಪಸ್ ಎಂದು ಬರಹದಲ್ಲಿ ಕೇಳಿ, ಬಾಯಿಮಾತು ನಂಬಬೇಡಿ. ಷೆಂಗೆನ್ ವೀಸಾಕ್ಕೆ ಮಾಡಿಸುವ 30,000 ಯೂರೊ ವಿಮೆ ಆಸ್ಪತ್ರೆ ಖರ್ಚಿಗೆ, ಇದಕ್ಕಲ್ಲ.

ಶರತ್ಕಾಲದಲ್ಲೇ ಹೋಗಬೇಕೆಂದರೆ ರೈನ್‌ಗಿಂತ ಮೊಸೆಲ್ ನದಿ ಮೇಲು. ಅಣೆಕಟ್ಟುಗಳಿರುವುದರಿಂದ ನೀರು ಅಷ್ಟಾಗಿ ಇಳಿಯುವುದಿಲ್ಲ. ಆದರೆ ಅಲ್ಲಿ ಲಾಕ್ (ಅಣೆಕಟ್ಟಿನ ಬಳಿ ಹಡಗನ್ನು ಮೇಲೆ-ಕೆಳಗೆ ದಾಟಿಸುವ ಗೇಟುಗಳ ಕಟ್ಟೆ) ಕೆಟ್ಟರೆ ಬೇರೆ ದಾರಿಯಿಲ್ಲ: 2024ರ ಡಿಸೆಂಬರ್‌ನಲ್ಲಿ ಮ್ಯೂಡೆನ್ ಲಾಕ್‌ನ ಗೇಟಿಗೆ ಸರಕು ಹಡಗು ಗುದ್ದಿ ಸುಮಾರು 70 ಹಡಗುಗಳು ಸಿಕ್ಕಿಕೊಂಡವು.

ರೈನ್‌ನಲ್ಲಿ ಬಸ್ಸೇ ಗತಿಯಾದರೆ, ಒಂದು ದಿನ ನಮ್ಮಷ್ಟಕ್ಕೆ ತಿರುಗಾಡಲು ಬಿಡಿ ಎಂದು ಕಂಪನಿಯವರನ್ನು ಕೇಳಿ ಮೈಂಟ್ಸ್‌ನಿಂದ ಕೊಬ್ಲೆನ್ಸ್‌ಗೆ ಎಡದಂಡೆಯ ಲೋಕಲ್ ರೈಲು ಹಿಡಿಯಿರಿ. ಬಲಗಡೆ ಕಿಟಕಿಗೆ ಕೂತರೆ ನದಿ ಪಕ್ಕದಲ್ಲೇ ಬರುತ್ತದೆ, ಬಾಖಾರಾಖ್‌ನಲ್ಲಿ ಇಳಿದು ತೋಟಗಳ ನಡುವೆ ನಡೆಯಲೂಬಹುದು.