ಅರ್ಧ ತಾಸಿನ ವಾಲ್ವ್ ಕೆಲಸ, ಎರಡು ವಾರದ ನೀರಿನ ಗೋಳು

ಮೊದಲೇ ಹೇಳಿಬಿಡುತ್ತೇನೆ. ಸಂಡಾಸದ ಫ್ಲಶ್ ಟ್ಯಾಂಕಿಗೆ ನೀರು ಬಿಡುವ ಹೊಸ ವಾಲ್ವ್ ಹಾಕಿಸಿದರೆ, ಪ್ಲಂಬರ್ ಕೈಗೆ ದುಡ್ಡು ಇಡುವ ಮುಂಚೆ ಮುಚ್ಚಳ ತೆಗೆಸಿ ಒಳಗೆ ನೋಡಿ. ಟ್ಯಾಂಕ್ ಪೂರ್ತಿ ತುಂಬುವ ತನಕ ನಿಂತು ನೋಡಿ. ನಾನು ನೋಡಲಿಲ್ಲ. ಚಹಾ ಕುಡಿಸಿ ಕಳಿಸಿಬಿಟ್ಟೆ.

ನಮ್ಮ ಮನೆ ಹುಬ್ಬಳ್ಳಿಯ ಉಣಕಲ್ ಕಡೆ. ನಳಕ್ಕೆ ಮಲಪ್ರಭೆ ನೀರು ಐದು ದಿನಕ್ಕೊಮ್ಮೆ ಬರುತ್ತದೆ, ಒಮ್ಮೊಮ್ಮೆ ಆರು ದಿನ. ಕೆಳಗೆ 1,500 ಲೀಟರ್ ಸಂಪು, ಮೇಲೆ 1,000 ಲೀಟರ್ ಸಿಂಟೆಕ್ಸ್. ನಾಲ್ಕು ಮಂದಿಗೆ ಇಷ್ಟು ಸಾಕು, ಸ್ವಲ್ಪ ಉಳಿಯುತ್ತದೆ ಕೂಡ. ಮುಂಚೆ ಬೋರ್ ಇತ್ತು, ಎರಡು ವರ್ಷದಿಂದ ಬತ್ತಿದೆ. ಅದರ ಸವಳು ನೀರಿನ ಬಿಳಿ ಕರೆ ಮಾತ್ರ ನಳದ ಬಾಯಿ, ಬಕೇಟಿನ ಅಂಚು, ಪೈಪಿನ ಒಳಗೆಲ್ಲ ಇನ್ನೂ ಹಾಗೇ ಇದೆ.

ತೊಂದರೆ ಶುರುವಾಗಿದ್ದು ಸಣ್ಣದಾಗಿ. ಒಮ್ಮೆ ಫ್ಲಶ್ ಮಾಡಿದರೆ ಟ್ಯಾಂಕ್ ಮತ್ತೆ ತುಂಬಲು ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು. ಬೆಳಿಗ್ಗೆ ಶಾಲೆ, ಆಫೀಸು ಅಂತ ಎಲ್ಲರೂ ಒಟ್ಟಿಗೆ ಏಳುವ ಮನೆಯಲ್ಲಿ ಇಪ್ಪತ್ತು ನಿಮಿಷ ಅಂದರೆ ಜಗಳಕ್ಕೆ ಬೇಕಾದಷ್ಟಾಯಿತು. ಪ್ಲಂಬರ್ ಬಂದ. ಮುಚ್ಚಳ ಎತ್ತಿದ, ಇಣುಕಿದ, ಮುಚ್ಚಿದ.

"ವಾಲ್ವ್ ಹೋಗೇತ್ರಿ ಸರ್ರ. ಹೊಸಾದ ಹಾಕಿಬಿಡೂಣ್ರಿ. ಅರ್ಧ ತಾಸಿನ ಕೆಲ್ಸ."

ವಾಲ್ವಿಗೆ 380, ಕೂಲಿ 300. ಕೆಲಸ ಮುಗಿಯುವ ಹೊತ್ತಿಗೆ ನಾನೇ ಬಾಯಿ ಹಾಕಿದೆ: "ಫ್ಲಶ್ ಸ್ವಲ್ಪ ಜೋರ ಬರೂಹಂಗ ಮಾಡ್ರಿ." ಅವನು ವಾಲ್ವಿನ ಪಕ್ಕದ ಉದ್ದ ಸ್ಕ್ರೂ ತಿರುವಿ ಫ್ಲೋಟ್, ಅಂದರೆ ನೀರಿನ ಜೊತೆ ತೇಲಿ ಮೇಲೆದ್ದು ವಾಲ್ವ್ ಮುಚ್ಚಿಸುವ ಡಬ್ಬಿ, ಮೇಲಕ್ಕೆ ಏರಿಸಿದ. "ಈಗ ನೋಡ್ರಿ, ಹೊಳಿ ಹರದಂಗ ಬರ್ತೈತಿ" ಅಂದ. ಅವನ ಮಾತು ಸುಳ್ಳಾಗಲಿಲ್ಲ.

ಆ ಟ್ಯಾಂಕಿನ ನಡುವೆ ಒಂದು ದಪ್ಪ ಕೊಳವೆ ನಿಂತಿರುತ್ತದೆ. ವಾಲ್ವ್ ಕೆಟ್ಟು ನೀರು ನಿಲ್ಲದೆ ಹೋದರೆ ಟ್ಯಾಂಕ್ ಉಕ್ಕಿ ಹೊರಗೆ ಚೆಲ್ಲಬಾರದು ಅಂತ, ಹೆಚ್ಚಾದ ನೀರು ಅದರೊಳಗೆ ಬಿದ್ದು ಕಮೋಡಿಗೆ ಹೋಗುತ್ತದೆ. ಫ್ಲೋಟ್ ಈ ಕೊಳವೆಯ ಬಾಯಿಗಿಂತ ಒಂದು ಇಂಚಾದರೂ ಕೆಳಗೇ ನೀರನ್ನು ನಿಲ್ಲಿಸಬೇಕು. ನಮ್ಮ ಟ್ಯಾಂಕಿನಲ್ಲಿ ಫ್ಲೋಟ್ ಎಷ್ಟು ಮೇಲೆ ಏರಿತ್ತು ಅಂದರೆ, ಅದು ನೀರು ನಿಲ್ಲಿಸುವ ಮುಂಚೆಯೇ ಕೊಳವೆಯ ಬಾಯಿ ಬಂದುಬಿಡುತ್ತಿತ್ತು. ಅಂದರೆ ವಾಲ್ವ್ ಮುಚ್ಚುವುದೇ ಇಲ್ಲ. ಹಗಲು ರಾತ್ರಿ ಸಣ್ಣಗೆ ಹರಿಯುತ್ತಲೇ ಇರುತ್ತದೆ.

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಅಜ್ಜಿ ಮನೆಯಲ್ಲಿ ಸರಪಳಿ ಎಳೆಯುವ ಕಬ್ಬಿಣದ ಟ್ಯಾಂಕ್ ಇತ್ತು, ಗೋಡೆ ಮೇಲೆ. ಅದರ ಹೆಚ್ಚಿನ ನೀರು ಒಂದು ಪೈಪಿನಿಂದ ಹೊರಗೆ, ಹಿತ್ತಲ ಕಲ್ಲಿನ ಮೇಲೆ ಬೀಳುತ್ತಿತ್ತು. ಟಪ್ ಟಪ್ ಅಂದರೆ ಸಾಕು, ಅಜ್ಜಿ ಇಡೀ ಮನೆಗೆ ಕೇಳುವ ಹಾಗೆ ಕೂಗುತ್ತಿದ್ದಳು. ಈಗಿನ ಟ್ಯಾಂಕಿನಲ್ಲಿ ಎಲ್ಲ ಒಳಗೊಳಗೇ. ನೆಲ ಒದ್ದೆಯಾಗಲ್ಲ, ಸದ್ದೂ ಇಲ್ಲ. ಕಮೋಡಿನ ಹಿಂಬದಿಗೆ ಅಂಟಿಕೊಂಡು ತೆಳ್ಳಗೆ ಇಳಿಯುವ ನೀರು ಕಣ್ಣಿಗೂ ಬೀಳಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ತಂಬಿಗೆ ತುಂಬಲು ಐದು ನಿಮಿಷ ಹಿಡಿಯುವಷ್ಟು ಸಣ್ಣ ಧಾರೆ ಅಂದುಕೊಳ್ಳಿ. ತಾಸಿಗೆ 12 ಲೀಟರ್. ದಿನಕ್ಕೆ 288. ನಮ್ಮ ನಾಲ್ವರ ಸ್ನಾನ, ಅಡುಗೆ, ಬಟ್ಟೆ ಎಲ್ಲ ಸೇರಿದರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಕಾಣದ ಇನ್ನೊಂದು ಸಂಸಾರವನ್ನು ಮನೆಯಲ್ಲಿ ಇಟ್ಟುಕೊಂಡ ಹಾಗೆ.

ನಾಲ್ಕು ದಿನಕ್ಕೊಮ್ಮೆ ಹಾಕುತ್ತಿದ್ದ ಮೋಟರನ್ನು ಎರಡು ದಿನಕ್ಕೆ ಹಾಕುವಂತಾಯಿತು. ನೀರು ಬಿಡುವ ದಿನ ಇನ್ನೂ ಬಂದಿಲ್ಲ, ಸಂಪಿನ ತಳ ಕಾಣುತ್ತಿತ್ತು. ಸಂಪು ಬಿರುಕು ಬಿಟ್ಟಿದೆ ಅಂದುಕೊಂಡೆ. ರಾತ್ರಿ ಸುಣ್ಣದ ಕಡ್ಡಿಯಿಂದ ಗೆರೆ ಹಾಕಿ ಬೆಳಿಗ್ಗೆ ನೋಡಿದರೆ ನೀರು ಗೆರೆಯ ಮೇಲೇ ನಿಂತಿದೆ. ಆಮೇಲೆ ಮಗಳ ಸ್ನಾನದ ಮೇಲೆ ಅನುಮಾನ. ಆಮೇಲೆ, ಹೇಳಲು ನಾಚಿಕೆ, ಪಕ್ಕದ ಮನೆಯ ಹುಡುಗ ನಮ್ಮ ನಳದಿಂದಲೇ ಬೈಕ್ ತೊಳೆಯುತ್ತಾನೆ ಅಂತ ಎರಡು ದಿನ ಕಾವಲು ಕಾದೆ. ಪಾಪ, ಅವನು ಬೈಕ್ ತೊಳೆಯುವುದೇ ಇಲ್ಲ. ಕೊನೆಗೆ ಒಂದು ಟ್ಯಾಂಕರ್ ಹಾಕಿಸಿದೆ, 700 ರೂಪಾಯಿ. ಅದರಲ್ಲೂ ಅರ್ಧ ಕಮೋಡಿನ ಪಾಲಾಯಿತು.

ಗೊತ್ತಾಗಿದ್ದು ಕರೆಂಟ್ ಹೋದ ರಾತ್ರಿ. ಫ್ಯಾನ್ ನಿಂತು ಮನೆಯೆಲ್ಲ ಗಪ್ ಆಗಿತ್ತು. ಹೆಂಡತಿ ಎದ್ದು ಕೂತಳು. "ರೀ, ಸಂಡಾಸದಾಗ ಏನೋ ಸುಂಯ್ ಅನ್ನಾಕತ್ತೈತ್ರಿ." ಮೊಬೈಲ್ ಬೆಳಕಲ್ಲಿ ಮುಚ್ಚಳ ಎತ್ತಿದೆ. ನೀರು ಕೊಳವೆಯ ಬಾಯಿಗೆ ಸರಿಸಮ ನಿಂತು, ಅಂಚಿನ ಮೇಲಿಂದ ಎಣ್ಣೆಯ ಹಾಗೆ ಜಾರಿ ಒಳಗೆ ಹೋಗುತ್ತಿತ್ತು. ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ನೆ ನೋಡುತ್ತ ನಿಂತೆವು.

ಟ್ಯಾಂಕಿಗೆ ನೀರು ಬರುವ ಪೈಪಿನ ಆ್ಯಂಗಲ್ ಕಾಕ್ ಬಂದ್ ಮಾಡಿ ಮಲಗಿದೆ. ಬೆಳಿಗ್ಗೆ ಸ್ಕ್ರೂ ತಿರುವಿ ಫ್ಲೋಟ್ ಇಳಿಸಿದೆ. ಎರಡು ನಿಮಿಷದ ಕೆಲಸ, ಬರಿಗೈ ಸಾಕು. ನೀರು ಒಂದು ಇಂಚು ಕೆಳಗೇ ನಿಂತಿತು.

ಅಲ್ಲಿಗೆ ಕೈ ತೊಳೆದುಕೊಂಡು ಎದ್ದಿದ್ದರೆ ಈ ಕಥೆ 700 ರೂಪಾಯಿಗೆ ಮುಗಿಯುತ್ತಿತ್ತು.

ಟ್ಯಾಂಕಿನ ಕೆಳಗೆ, ವಾಲ್ವಿನ ಕಾಲು ಹೊರಗೆ ಬರುವ ಜಾಗದಲ್ಲಿ ಒಂದು ಹನಿ ಜೋತಾಡುತ್ತಿತ್ತು. ನಟ್ ಸಡಿಲ ಇರಬೇಕು ಅಂತ ಪೈಪ್ ಪಾನಾ ತಂದು ಬಿಗಿದೆ. ಹನಿ ನಿಲ್ಲಲಿಲ್ಲ. ಇನ್ನೊಂದು ಸುತ್ತು. ಟಕ್ ಅಂತು. ಕೂದಲೆಳೆಯಷ್ಟು ಬಿರುಕೊಂದು ಟ್ಯಾಂಕಿನ ತೂತಿನಿಂದ ಮೇಲಕ್ಕೆ ಓಡಿತು.

ಆಮೇಲೆ ಬಿಚ್ಚಿ ನೋಡಿದಾಗ ಅರ್ಥವಾಯಿತು. ಅಲ್ಲಿ ನೀರು ತಡೆಯುವುದು ನಟ್ ಅಲ್ಲ, ರಬ್ಬರ್ ವಾಷರ್. ಅದು ಟ್ಯಾಂಕಿನ ಒಳಗಡೆ ಇರಬೇಕು. ನಮ್ಮವನು ಅದನ್ನು ಹೊರಗೆ, ನಟ್ಟಿನ ಕಡೆ ಹಾಕಿ, ಸಮಾಧಾನಕ್ಕೆ ಟೆಫ್ಲಾನ್ ಟೇಪ್ ಸುತ್ತಿದ್ದ. ವಾಷರ್ ತಪ್ಪು ಜಾಗದಲ್ಲಿದ್ದ ಮೇಲೆ ಎಷ್ಟು ಬಿಗಿದರೇನು? ಸರಿಯಾಗಿ ಕೂತಿದ್ದರೆ ಕೈಯಲ್ಲಿ ಬಿಗಿದು ಮೇಲೆ ಕಾಲು ಸುತ್ತು ಕೊಟ್ಟರೆ ಮುಗಿಯಿತು. ಪಿಂಗಾಣಿ ಒಡೆಯುವ ಮುಂಚೆ ಹೇಳಿ ಒಡೆಯಲ್ಲ.

ಆ ಮಾಡೆಲ್ಲಿನ ಟ್ಯಾಂಕ್ ಒಂದೇ ಸಿಗುತ್ತದಾ ಅಂತ ನಾಲ್ಕು ಅಂಗಡಿ ಸುತ್ತಿದೆ. ಸಿಗಲಿಲ್ಲ. ಇಡೀ ಕಮೋಡ್ ಸೆಟ್ಟೇ ಬದಲಿಸಬೇಕಾಯಿತು. ಕೂಲಿ ಸೇರಿ 8,600. ಪ್ಲಂಬರ್‌ಗೆ ಫೋನ್ ಮಾಡಿ ರೇಗಿದೆ. "ಜೋರ ಬರ್ಲಿ ಅಂತ ನೀವ ಅಂದ್ರಲ್ರಿ ಸರ್ರ" ಅಂದ. ವಾಷರ್ ವಿಷಯ ಎತ್ತುವಷ್ಟರಲ್ಲಿ ಫೋನ್ ಕಟ್ ಆಯಿತು.

ನಿಮ್ಮ ಮನೆಯಲ್ಲೂ ನೀರು ಲೆಕ್ಕಕ್ಕಿಂತ ಬೇಗ ಖಾಲಿಯಾಗುತ್ತಿದ್ದರೆ ಸಂಪು ಅಗೆಸುವ ಮುಂಚೆ ಇದನ್ನು ಮಾಡಿ. ಜಿಲೇಬಿಗೆ ಹಾಕುವ ಬಣ್ಣ ಒಂದು ಚಿಟಿಕೆ ಫ್ಲಶ್ ಟ್ಯಾಂಕಿಗೆ ಹಾಕಿ, ಅರ್ಧ ತಾಸು ಯಾರೂ ಫ್ಲಶ್ ಮಾಡಬೇಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಸೋರಿಕೆ ಇದೆ. ಎಲ್ಲಿ ಅಂತ ತಿಳಿಯಲು ಆ್ಯಂಗಲ್ ಕಾಕ್ ಬಂದ್ ಮಾಡಿ, ಟ್ಯಾಂಕಿನ ಒಳಗೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ನೀರು ಗೆರೆಯಿಂದ ಇಳಿಯುತ್ತ ಹೋದರೆ, ಫ್ಲಶ್ ಮಾಡುವ ತನಕ ನೀರು ತಡೆದಿಡುವ ತಳದ ವಾಷರ್ ಸವೆದಿದೆ. ಕೊಳವೆಯ ಬಾಯಿಯ ಹತ್ತಿರ ಬಂದು ಹಾಗೇ ನಿಂತುಬಿಟ್ಟರೆ ನಮ್ಮ ಮನೆಯದೇ ಕಾಯಿಲೆ. ಆ್ಯಂಗಲ್ ಕಾಕ್ ತಿರುಗದಷ್ಟು ಜಾಮ್ ಆಗಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಊರಿಗೆ ಹೋಗುವಾಗ ಬಂದ್ ಮಾಡಲು ಅದೊಂದೇ ಇರುವುದು.

ಹೊಸ ಸೆಟ್ ಕೂತ ಮೇಲೆ ಹಳೆಯ ಸಾಮಾನು ಗುಜರಿಗೆ ಹಾಕುತ್ತಿದ್ದೆ. ಪ್ಲಂಬರ್ ಬಿಚ್ಚಿ ಎಸೆದಿದ್ದ ಮೊದಲಿನ ವಾಲ್ವ್ ಬಕೇಟಿನಲ್ಲೇ ಇತ್ತು. ಅದರ ಕಾಲಿನೊಳಗೆ ಬೆರಳ ತುದಿಯಷ್ಟು ಒಂದು ಜಾಳಿಗೆ ಇತ್ತು, ಸವಳಿನ ಬಿಳಿ ಪುಡಿ ಮತ್ತು ಉಸುಕು ತುಂಬಿ ಗಟ್ಟಿಯಾಗಿತ್ತು. ಲಿಂಬೆಹಣ್ಣಿನ ರಸದಲ್ಲಿ ನೆನೆಸಿ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ಅಂಗಳದ ನಳಕ್ಕೆ ಹಿಡಿದು ನೀರು ಬಿಟ್ಟೆ. ಜೋರಾಗಿಯೇ ಬಂತು. ಫ್ಲೋಟ್ ಎತ್ತಿದೆ, ಒಂದು ಹನಿಯೂ ಬೀಳದೆ ನಿಂತಿತು.